ಪ್ರಶ್ನೋತ್ತರ: ಗುರುತಿಲ್ಲದ ಓದುಗರ ಕೈಗೆ ಮೊದಲ ಪುಸ್ತಕ

ಮೊದಲ ಪುಸ್ತಕವನ್ನು ಬರೆಯುತ್ತಿರುವವರು, ಬರೆದು ಮುಗಿಸಿ ಪ್ರಕಾಶಕರ ಉತ್ತರಕ್ಕಾಗಿ ಕಾಯುತ್ತಿರುವವರು, ಪುಸ್ತಕ ಹೊರಬಂದ ಮೇಲೆ ಮುಂದೇನು ಮಾಡಬೇಕೆಂದು ತೋಚದವರು ಈ ಅಂಕಣಕ್ಕೆ ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಹೆಸರುಗಳನ್ನು ಬಿಟ್ಟಿದ್ದೇನೆ. ಬೇರೆ ಬೇರೆ ಹಂತದಲ್ಲಿರುವ ಇವರೆಲ್ಲರ ತೊಡಕಿನ ಬೇರು ಒಂದೇ ಎಂದು ನನಗೆ ಅನ್ನಿಸುತ್ತದೆ. ಈವರೆಗೆ ಬರೆದವರ ಮನಸ್ಸಿನಲ್ಲಿ ಅಥವಾ ಆಪ್ತರ ನಡುವೆ ಮಾತ್ರ ಇದ್ದ ಬರಹವು ಮೊದಲ ಬಾರಿಗೆ, ಬರೆದವರ ಪರಿಚಯವೇ ಇಲ್ಲದ ಓದುಗರ ಕೈ ಸೇರಬೇಕಾಗಿದೆ. ಆ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡೇ ಉತ್ತರಿಸಲು ಯತ್ನಿಸಿದ್ದೇನೆ.

ಪ್ರಶ್ನೆ: ಕಾದಂಬರಿಯೊಂದನ್ನು ಬರೆಯಲು ತೊಡಗಿ ಕೆಲವು ವರ್ಷಗಳೇ ಆದವು. ಮೊದಲ ಅಧ್ಯಾಯವನ್ನು ಎಷ್ಟು ಬಾರಿ ತಿದ್ದಿದ್ದೇನೋ ಲೆಕ್ಕವಿಲ್ಲ. ಅರ್ಧದಷ್ಟು ಬರೆದಾಗಲೆಲ್ಲ ಮುಂದೆ ಸಾಗದೆ ಮತ್ತೆ ಆರಂಭಕ್ಕೇ ಮರಳುತ್ತೇನೆ. ನನಗೆ ಬರೆಯುವ ಶಕ್ತಿ ಇಲ್ಲವೆಂದು ತಿಳಿಯಬೇಕೆ?

ಉತ್ತರ: ಹಾಗೆ ತಿಳಿಯಬೇಕಾಗಿಲ್ಲ. ಒಂದೇ ಅಧ್ಯಾಯವನ್ನು ಮತ್ತೆ ಮತ್ತೆ ತಿದ್ದುವ ತಾಳ್ಮೆ ನಿಮ್ಮಲ್ಲಿದೆ. ಆ ತಾಳ್ಮೆಯನ್ನು ಯಾವಾಗ ಬಳಸಬೇಕೆಂಬುದಷ್ಟೇ ತಪ್ಪಿದೆ. ಬರೆಯುವುದು ಮತ್ತು ತಿದ್ದುವುದು ಎರಡು ಬೇರೆ ಬೇರೆ ಕೆಲಸಗಳು. ಮೊದಲನೆಯದಕ್ಕೆ ಮುಂದೇನಾಗುವುದೆಂಬ ಕುತೂಹಲ ಬೇಕು, ಎರಡನೆಯದಕ್ಕೆ ಇದು ಇಲ್ಲಿ ಬೇಕೇ ಎಂದು ಕೇಳುವ ನಿಷ್ಠುರತೆ ಬೇಕು. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಹೊರಟರೆ ನಿಷ್ಠುರತೆಯೇ ಗೆಲ್ಲುತ್ತದೆ, ಕಥೆ ನಿಲ್ಲುತ್ತದೆ. ಅಲ್ಲದೆ ಕಾದಂಬರಿಯ ಆರಂಭ ಹೇಗಿರಬೇಕೆಂಬುದು ಅದರ ಕೊನೆ ತಿಳಿದ ಮೇಲೆಯೇ ತೀರ್ಮಾನವಾಗುವ ಸಂಗತಿ. ಕೊನೆಯ ಅಧ್ಯಾಯದಲ್ಲಿ ಯಾರು ಮುಖ್ಯರಾಗಿ ನಿಲ್ಲುತ್ತಾರೆ, ಯಾವ ಘಟನೆಗೆ ಭಾರ ಬರುತ್ತದೆ ಎಂಬುದು ನಿಮಗೇ ಗೊತ್ತಿಲ್ಲದಿರುವಾಗ ಮೊದಲ ಪುಟದಲ್ಲಿ ಯಾರನ್ನು ಪರಿಚಯಿಸಬೇಕು, ಯಾವುದನ್ನು ಬಚ್ಚಿಡಬೇಕು ಎಂದು ನಿರ್ಧರಿಸುವುದು ಸಾಧ್ಯವೇ ಇಲ್ಲ. ನೀವು ಇಷ್ಟು ಕಾಲ ಹೊಳಪು ಕೊಟ್ಟ ಅಧ್ಯಾಯವನ್ನು ಕಾದಂಬರಿ ಮುಗಿದ ಮೇಲೆ ಪೂರ್ತಿ ಕೈಬಿಡಬೇಕಾಗಿಯೂ ಬರಬಹುದು. ಈಗಲೇ ಅದಕ್ಕೆ ಮನಸ್ಸನ್ನು ಸಿದ್ಧಪಡಿಸಿಕೊಳ್ಳಿ.

ಆದ್ದರಿಂದ ಮೊದಲ ಅಧ್ಯಾಯವನ್ನು ಇದ್ದ ಹಾಗೆಯೇ ಬಿಟ್ಟು ಮುಂದಕ್ಕೆ ಹೋಗಿ. ದಿನಕ್ಕೆ 300 ಪದಗಳಂತೆ 200 ದಿನ ಬರೆದರೆ 60,000 ಪದಗಳಾಗುತ್ತವೆ; ಒಂದು ಕಾದಂಬರಿಗೆ ಅಷ್ಟು ಧಾರಾಳವಾಗಿ ಸಾಕು. ಮುನ್ನೂರು ಪದವೆಂದರೆ ಕೈಬರಹದಲ್ಲಿ ಒಂದೆರಡು ಪುಟ ಮಾತ್ರ. ಇದನ್ನು ಗುರಿಯೆಂದು ಹೇರುತ್ತಿಲ್ಲ. ಇಡೀ ಪುಸ್ತಕವೆಂಬ ಭಾರವು ದಿನದ ಅಳತೆಗೆ ಇಳಿದಾಗ ಎಷ್ಟು ಹಗುರವಾಗುತ್ತದೆಂಬುದನ್ನು ತೋರಿಸಲು ಹೇಳುತ್ತಿದ್ದೇನೆ. ದಿನದ ಬರವಣಿಗೆಯನ್ನು ನಿಲ್ಲಿಸುವಾಗ ಮುಂದಿನ ಒಂದೆರಡು ವಾಕ್ಯ ಏನೆಂದು ಗೊತ್ತಿರುವ ಕಡೆಯೇ ನಿಲ್ಲಿಸಿದರೆ ಮರುದಿನ ಶುರುಮಾಡುವುದು ಸುಲಭವಾಗುತ್ತದೆ.

ಇನ್ನು ನಡುವೆ ಕಥೆ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆ. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಎರಡರಲ್ಲೊಂದು. ನಿಮ್ಮ ಮುಖ್ಯ ಪಾತ್ರಕ್ಕೆ ಏನು ಬೇಕಾಗಿದೆ ಎಂಬುದು ನಿಮಗೇ ಸ್ಪಷ್ಟವಾಗಿರುವುದಿಲ್ಲ. ಆಗ ಸನ್ನಿವೇಶಗಳು ಒಂದರ ಪಕ್ಕ ಒಂದು ಕೂರುತ್ತವೆಯೇ ಹೊರತು ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. ಇಲ್ಲವೇ ನೀವು ಬರೆಯುತ್ತಿರುವ ಲೋಕದ ಯಾವುದೋ ಒಂದು ವಿವರ, ಒಂದು ಕಸುಬು, ಒಂದು ಕಾಯಿಲೆ, ಒಂದು ವ್ಯಾಜ್ಯ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ ನಿಮ್ಮಲ್ಲಿ ಇರುವುದಿಲ್ಲ. ಎರಡನೆಯ ಕೊರತೆಗೆ ಮದ್ದು ಸುಲಭ: ತಿಳಿದವರನ್ನು ಕೇಳಿ, ಓದಿ, ಬಂದು ಬರೆಯಿರಿ. ಮೊದಲನೆಯದಕ್ಕಾಗಿ ಕಾದಂಬರಿಯನ್ನು ಬದಿಗಿಟ್ಟು ಆ ಪಾತ್ರದ ಬಗ್ಗೆ, ಕಾದಂಬರಿಯಲ್ಲಿ ಸೇರಿಸುವ ಉದ್ದೇಶವೇ ಇಲ್ಲದೆ, ಕೆಲವು ಪುಟ ಬರೆದು ನೋಡಿ. ಮುಂದಿನ ಸನ್ನಿವೇಶ ಹೊಳೆಯದಿದ್ದರೆ ಅದನ್ನು ದಾಟಿ, ಹೊಳೆದಿರುವ ಯಾವುದಾದರೂ ಸನ್ನಿವೇಶವನ್ನು ಬರೆಯಿರಿ. ಓದುಗರು ಪುಸ್ತಕವನ್ನು ಮೊದಲಿನಿಂದ ಓದುತ್ತಾರೆಂಬ ಕಾರಣಕ್ಕೆ ನೀವೂ ಮೊದಲಿನಿಂದಲೇ ಬರೆಯಬೇಕೆಂಬ ನಿಯಮವೇನೂ ಇಲ್ಲ.

ಪ್ರಶ್ನೆ: ನನ್ನ ಹಸ್ತಪ್ರತಿಯನ್ನು ಮನೆಯವರೂ ಗೆಳೆಯರೂ ಓದಿ ತುಂಬ ಚೆನ್ನಾಗಿದೆ ಎಂದಿದ್ದಾರೆ. ಸಾಹಿತ್ಯ ಬಲ್ಲ ಒಬ್ಬರು ಮಾತ್ರ ಮೊದಲ ಐವತ್ತು ಪುಟ ತೆಗೆದುಹಾಕಿ ಎಂದರು. ಯಾರ ಮಾತನ್ನು ನಂಬಲಿ?

ಉತ್ತರ: ಮನೆಯವರ ಪ್ರೀತಿಯನ್ನು ನಂಬಿ, ಆದರೆ ಅವರು ಓದಿದ್ದು ನಿಮ್ಮನ್ನು, ನಿಮ್ಮ ಪುಸ್ತಕವನ್ನಲ್ಲ. ನಿಮ್ಮ ದನಿ, ನಿಮ್ಮ ಸ್ವಭಾವ, ನೀವು ಹೇಳಹೊರಟಿದ್ದು ಏನೆಂಬುದು ಅವರಿಗೆ ಮೊದಲೇ ಗೊತ್ತು. ಬರಹದಲ್ಲಿ ಬಿಟ್ಟುಹೋದದ್ದನ್ನು ಅವರು ತಮಗರಿವಿಲ್ಲದೆಯೇ ತುಂಬಿಕೊಂಡು ಓದುತ್ತಾರೆ. ಹೊರಗಿನ ಓದುಗರಿಗೆ ಆ ಅನುಕೂಲವಿಲ್ಲ. ಹೀಗಾಗಿ ನಿಮ್ಮ ಬಗ್ಗೆ ಹೆಚ್ಚೇನೂ ತಿಳಿಯದ, ಆದರೆ ಇಂಥ ಪುಸ್ತಕಗಳನ್ನು ಇಷ್ಟಪಟ್ಟು ಓದುವ ಮೂರು ನಾಲ್ಕು ಜನರನ್ನು ಹುಡುಕಿ ಅವರಿಗೆ ಹಸ್ತಪ್ರತಿ ಕೊಡಿ.

ಕೊಟ್ಟ ಮೇಲೆ ಹೇಗಿದೆ ಎಂದು ಕೇಳಬೇಡಿ. ಆ ಪ್ರಶ್ನೆಗೆ ಸಜ್ಜನರು ಒಂದೇ ಉತ್ತರ ಕೊಡುತ್ತಾರೆ. ಎಲ್ಲಿ ಪುಸ್ತಕವನ್ನು ಕೆಳಗಿಟ್ಟಿರಿ, ಯಾವ ಪುಟವನ್ನು ಎರಡನೆಯ ಸಲ ಓದಬೇಕಾಯಿತು, ಯಾವ ಪಾತ್ರದ ಹೆಸರು ಮರೆತುಹೋಯಿತು, ಮುಂದೇನಾಗುತ್ತದೆಂದು ಎಲ್ಲಿ ಮೊದಲೇ ಊಹಿಸಿದಿರಿ ಎಂದು ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕಿ ವಿವರಣೆ ಕೊಡಬಾರದು. ನೀವು ವಿವರಿಸಬೇಕೆಂದು ತವಕಿಸಿದ ಜಾಗವೇ ಬರಹ ಸೋತ ಜಾಗ. ಅದನ್ನು ಗುರುತು ಹಾಕಿಕೊಳ್ಳಿ. ಇಬ್ಬರು ಒಂದೇ ಕಡೆ ಎಡವಿದ್ದರೆ ಅಲ್ಲಿ ದೋಷವಿದೆ ಎಂಬುದು ಹೆಚ್ಚುಕಡಿಮೆ ಖಚಿತ. ಆದರೆ ಅವರು ಸೂಚಿಸುವ ಪರಿಹಾರ ಸರಿಯಿರಬೇಕೆಂದೇನಿಲ್ಲ. ದೋಷ ಎಲ್ಲಿದೆಯೆಂದು ಓದುಗರು ಹೇಳಬಲ್ಲರು, ಅದನ್ನು ಹೇಗೆ ಸರಿಪಡಿಸಬೇಕೆಂಬುದು ಬರೆದವರ ಹೊಣೆ.

ಐವತ್ತು ಪುಟ ತೆಗೆಯುವ ಸಲಹೆಯನ್ನು ಅವಮಾನವೆಂದು ಭಾವಿಸಬೇಡಿ. ವಿಲಿಯಂ ಗೋಲ್ಡಿಂಗ್ ಅವರ ಮೊದಲ ಕಾದಂಬರಿ ‘ಲಾರ್ಡ್ ಆಫ್ ದ ಫ್ಲೈಸ್’ ಹಲವು ಪ್ರಕಾಶಕರಿಂದ ತಿರಸ್ಕೃತವಾಗಿ ಬಂದಿತ್ತು. ಕೊನೆಗೆ ಅದನ್ನು ಒಪ್ಪಿಕೊಂಡ ಪ್ರಕಾಶನ ಸಂಸ್ಥೆಯ ತರುಣ ಸಂಪಾದಕ ಚಾರ್ಲ್ಸ್ ಮಾಂಟೀತ್, ಅಣುಯುದ್ಧವನ್ನು ವಿವರಿಸುತ್ತಿದ್ದ ಆರಂಭದ ಪುಟಗಳನ್ನು ತೆಗೆಯುವಂತೆ ಕೇಳಿದರು, ಗೋಲ್ಡಿಂಗ್ ಒಪ್ಪಿದರು. 1954ರಲ್ಲಿ ಪ್ರಕಟವಾದ ಪುಸ್ತಕ ನೇರವಾಗಿ ದ್ವೀಪದಲ್ಲಿರುವ ಹುಡುಗರಿಂದಲೇ ಆರಂಭವಾಗುತ್ತದೆ. ಮೊದಲ ಕಾದಂಬರಿಗಳಲ್ಲಿ ಹಿನ್ನೆಲೆಯನ್ನೆಲ್ಲ ಮೊದಲೇ ಹೇಳಿ ಮುಗಿಸಬೇಕೆಂಬ ಆತಂಕ ಸಾಮಾನ್ಯ. ನಿಮ್ಮ ಐವತ್ತು ಪುಟಗಳಲ್ಲಿ ಕಥೆ ನಿಜವಾಗಿ ಎಲ್ಲಿ ಕದಲುತ್ತದೆಂದು ಹುಡುಕಿ, ಅಲ್ಲಿಂದ ಓದಲು ಕೊಟ್ಟು ನೋಡಿ. ಯಾರೂ ಯಾವುದನ್ನೂ ಕಳೆದುಕೊಂಡಂತೆ ಕಾಣದಿದ್ದರೆ ಸಲಹೆ ಕೊಟ್ಟವರು ಸರಿ.

ಪ್ರಶ್ನೆ: ಪತ್ರಿಕೆಗಳಲ್ಲಿ ಪ್ರಕಟವಾದ ನನ್ನ ಕಥೆಗಳನ್ನು ಸಂಕಲನವಾಗಿ ತರಬೇಕೆಂದಿದ್ದೇನೆ. ಎಲ್ಲವನ್ನೂ ಸೇರಿಸಬೇಕೆ? ಪತ್ರಿಕೆಗಳ ಅನುಮತಿ ಬೇಕೆ?

ಉತ್ತರ: ಎಲ್ಲವನ್ನೂ ಸೇರಿಸಬೇಡಿ. ಪತ್ರಿಕೆಯಲ್ಲಿ ಒಂದು ಕಥೆ ಬೇರೆ ಬರಹಗಳ ನಡುವೆ ಒಂಟಿಯಾಗಿ ನಿಲ್ಲುತ್ತದೆ. ಸಂಕಲನದಲ್ಲಿ ಅದು ನಿಮ್ಮದೇ ಇನ್ನೊಂದು ಕಥೆಯ ಪಕ್ಕ ನಿಲ್ಲುತ್ತದೆ. ಒಂದೇ ಬಗೆಯ ಮುಕ್ತಾಯ, ಒಂದೇ ಬಗೆಯ ತಂದೆ, ಮತ್ತೆ ಮತ್ತೆ ಬರುವ ಒಂದು ವರ್ಣನೆ ಆಗ ಎದ್ದು ಕಾಣುತ್ತವೆ. ಬರೆದ ಕಾಲಕ್ರಮದಲ್ಲಿ ಜೋಡಿಸುವ ಬದಲು ಓದುವ ಕ್ರಮವನ್ನು ಯೋಚಿಸಿ. ಅತ್ಯಂತ ದೃಢವಾದ ಕಥೆಯನ್ನು ಮೊದಲಿಗೋ ಎರಡನೆಯದಾಗಿಯೋ ಇಡುವುದು ಒಳ್ಳೆಯದು, ಏಕೆಂದರೆ ನಿಮ್ಮ ಹೆಸರನ್ನೇ ಕೇಳಿರದವರು ಅಲ್ಲಿಂದ ಮುಂದೆ ಓದಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ.

ಅನುಮತಿಯ ವಿಷಯ ನೀವು ಆಗ ಒಪ್ಪಿದ ಷರತ್ತುಗಳ ಮೇಲೆ ನಿಂತಿದೆ. ಮೊದಲ ಪ್ರಕಟಣೆಯ ಹಕ್ಕನ್ನು ಮಾತ್ರ ಕೊಟ್ಟಿದ್ದರೆ ಪುಸ್ತಕವಾಗಿ ತರುವ ಹಕ್ಕು ನಿಮ್ಮಲ್ಲೇ ಉಳಿದಿರುತ್ತದೆ. ಯಾವ ಬರವಣಿಗೆಯ ಒಪ್ಪಂದವೂ ಇಲ್ಲದಿದ್ದರೆ ಸಂಪಾದಕರಿಗೆ ಪತ್ರ ಬರೆದು ತಿಳಿಸಿ ಒಪ್ಪಿಗೆ ಪಡೆದುಕೊಳ್ಳಿ. ಯಾವ ಕಥೆ ಎಲ್ಲಿ, ಯಾವ ವರ್ಷ ಮೊದಲು ಪ್ರಕಟವಾಯಿತೆಂದು ಪುಸ್ತಕದಲ್ಲಿ ನಮೂದಿಸುವುದು ಸೌಜನ್ಯ.

ಪ್ರಶ್ನೆ: ಪ್ರಕಾಶಕರೊಬ್ಬರಿಗೆ ಹಸ್ತಪ್ರತಿ ಕಳುಹಿಸಿ ಹಲವು ತಿಂಗಳು ಕಳೆದಿವೆ, ಉತ್ತರವೇ ಇಲ್ಲ. ಏಕಕಾಲಕ್ಕೆ ಹಲವರಿಗೆ ಕಳುಹಿಸಬಹುದೆ? ಹೀಗೆ ಎಲ್ಲರಿಗೂ ಕಳುಹಿಸಿದರೆ ಕಥೆಯನ್ನು ಕದಿಯುವ ಭಯವಿಲ್ಲವೆ?

ಉತ್ತರ: ಮೌನವನ್ನು ತೀರ್ಪೆಂದು ಓದಬೇಡಿ. ಪ್ರಕಾಶಕರ ಮೇಜಿನ ಮೇಲೆ ಬರುವ ಹಸ್ತಪ್ರತಿಗಳು ಅವರು ಒಂದು ವರ್ಷದಲ್ಲಿ ಹೊರತರಬಹುದಾದ ಪುಸ್ತಕಗಳಿಗಿಂತ ಬಹಳ ಹೆಚ್ಚು, ಓದುವವರು ಕೆಲವೇ ಜನ. ಅವರು ಹೇಳಿದ ಅವಧಿ ಮುಗಿದಿದ್ದರೆ ನಾಲ್ಕು ಸಾಲಿನ ಪತ್ರ ಬರೆದು ವಿಚಾರಿಸಿ. ಅದಕ್ಕೂ ಉತ್ತರ ಬರದಿದ್ದರೆ ಹಸ್ತಪ್ರತಿಯನ್ನು ಹಿಂದಕ್ಕೆ ಪಡೆಯುತ್ತಿರುವುದಾಗಿ ತಿಳಿಸಿ ಬೇರೆಯವರಿಗೆ ಕಳುಹಿಸಿ. ಏಕಕಾಲಕ್ಕೆ ಹಲವರಿಗೆ ಕಳುಹಿಸುವುದು ತಪ್ಪಲ್ಲ. ಕಳುಹಿಸಿರುವ ಸಂಗತಿಯನ್ನು ಮುಚ್ಚಿಡುವುದು ಮಾತ್ರ ಸರಿಯಲ್ಲ. ಕೆಲವು ಪ್ರಕಾಶಕರು ಇದನ್ನು ಒಪ್ಪುವುದಿಲ್ಲ, ಅಂಥವರ ಸೂಚನೆಯನ್ನು ಗೌರವಿಸಬೇಕು.

ಕಳುಹಿಸುವ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದನ್ನು ಬಹಳ ಜನ ಮಾಡುವುದಿಲ್ಲ. ಆ ಪ್ರಕಾಶಕರು ಇತ್ತೀಚೆಗೆ ತಂದಿರುವ ಪುಸ್ತಕಗಳ ಪಟ್ಟಿಯನ್ನು ನೋಡಿ, ಅವುಗಳಲ್ಲಿ ಒಂದೆರಡನ್ನಾದರೂ ಓದಬೇಕು. ಕವಿತೆಯನ್ನೇ ಪ್ರಕಟಿಸದವರಿಗೆ ಕವನ ಸಂಕಲನ ಕಳುಹಿಸಿದರೆ ಅದು ಎಷ್ಟೇ ಶ್ರೇಷ್ಠವಾಗಿದ್ದರೂ ಫಲವಿಲ್ಲ. ಜೊತೆಗಿಡುವ ಪತ್ರ ಒಂದು ಪುಟ ಮೀರಬಾರದು: ಕೃತಿ ಯಾವುದು, ಎಷ್ಟು ದೊಡ್ಡದು, ಯಾರಿಗಾಗಿ, ಅದನ್ನು ಬರೆಯಲು ನಿಮಗಿರುವ ಹಿನ್ನೆಲೆ ಏನು, ಇಷ್ಟು ಸಾಕು. ಸಾರಾಂಶ ಕೇಳಿದ್ದರೆ ಕೊನೆಯನ್ನೂ ಹೇಳಿಬಿಡಿ. ಕುತೂಹಲ ಉಳಿಸಲೆಂದು ಕೊನೆಯನ್ನು ಮುಚ್ಚಿಟ್ಟರೆ, ಕಥೆಯನ್ನು ನೀವು ದಡ ಮುಟ್ಟಿಸಿದ್ದೀರೋ ಇಲ್ಲವೋ ಎಂಬುದು ಸಂಪಾದಕರಿಗೆ ತಿಳಿಯುವುದು ಹೇಗೆ? ತಿರಸ್ಕಾರದ ಪತ್ರದಲ್ಲಿ ಕಾರಣ ಬರೆದಿದ್ದರೆ ಅದನ್ನು ಜೋಪಾನವಾಗಿಡಿ. ಕೆಲಸದ ಒತ್ತಡದಲ್ಲಿರುವವರು ಸಮಯ ಕೊಟ್ಟು ಕಾರಣ ಬರೆದರೆಂದರೆ ನಿಮ್ಮ ಬರಹದಲ್ಲಿ ಏನನ್ನೋ ಕಂಡಿದ್ದಾರೆ ಎಂದರ್ಥ. ಕಾರಣವಿಲ್ಲದ ತಿರಸ್ಕಾರದಿಂದ ಏನನ್ನೂ ಊಹಿಸಿಕೊಳ್ಳಬೇಡಿ. ಆ ವರ್ಷದ ಪಟ್ಟಿ ತುಂಬಿರಬಹುದು, ಅದೇ ವಸ್ತುವಿನ ಪುಸ್ತಕವೊಂದು ಅವರ ಬಳಿ ಆಗಲೇ ಅಚ್ಚಿನಲ್ಲಿರಬಹುದು.

ಕಳವಿನ ಭಯ ಮೊದಲ ಬಾರಿ ಬರೆಯುವವರಲ್ಲಿ ಸಹಜ. 1886ರ ಬರ್ನ್ ಒಡಂಬಡಿಕೆಯನ್ನು ಒಪ್ಪಿರುವ ದೇಶಗಳಲ್ಲಿ, ಅಂದರೆ ಜಗತ್ತಿನ ಬಹುಪಾಲು ದೇಶಗಳಲ್ಲಿ, ಕೃತಿಯ ಹಕ್ಕುಸ್ವಾಮ್ಯ ಅದನ್ನು ಬರೆದ ಕ್ಷಣದಿಂದಲೇ ಬರೆದವರದು. ನೋಂದಣಿ ಅದಕ್ಕೆ ಷರತ್ತಲ್ಲ. ಆ ಒಡಂಬಡಿಕೆಯ ಪ್ರಕಾರ ಸಾಮಾನ್ಯವಾಗಿ ಲೇಖಕರ ಜೀವಿತಾವಧಿ ಮತ್ತು ಅನಂತರ ಕನಿಷ್ಠ 50 ವರ್ಷ ಆ ಹಕ್ಕು ಉಳಿಯುತ್ತದೆ. ಆದರೆ ಹಕ್ಕು ಇರುವುದು ನೀವು ಬರೆದ ರೂಪಕ್ಕೆ, ಅದರ ಹಿಂದಿನ ಕಲ್ಪನೆಗಲ್ಲ. ಕರಡುಗಳನ್ನು ದಿನಾಂಕ ಸಹಿತ ಉಳಿಸಿಕೊಳ್ಳಿ, ಕಳುಹಿಸಿದ ಮಿಂಚಂಚೆಗಳನ್ನು ಅಳಿಸಬೇಡಿ, ಆಮೇಲೆ ನಿಶ್ಚಿಂತೆಯಿಂದ ಕಳುಹಿಸಿ. ಹೊಸ ಬರಹಗಾರರ ಪುಸ್ತಕಕ್ಕೆ ಕಳವಿಗಿಂತ ದೊಡ್ಡ ಅಪಾಯವೆಂದರೆ ಅದನ್ನು ಯಾರೂ ಓದದೆ ಉಳಿಯುವುದು.

ಪ್ರಶ್ನೆ: ಒಂದು ಪ್ರಕಾಶನ ಸಂಸ್ಥೆ ನನ್ನ ಪುಸ್ತಕವನ್ನು ಒಪ್ಪಿಕೊಂಡಿದೆ, ಆದರೆ ಮುದ್ರಣದ ವೆಚ್ಚವನ್ನು ನಾನೇ ಭರಿಸಬೇಕೆಂದಿದೆ. ಇದಕ್ಕಿಂತ ನಾನೇ ಸ್ವತಃ ಪ್ರಕಟಿಸುವುದು ಮೇಲಲ್ಲವೆ?

ಉತ್ತರ: ಬಹುಮಟ್ಟಿಗೆ ಹೌದು, ಆದರೆ ಲೆಕ್ಕ ಹಾಕಿದ ಮೇಲೆ ಹೌದು. ಪ್ರಕಾಶಕರೆಂದರೆ ಪುಸ್ತಕದ ಮೇಲೆ ತಮ್ಮ ಹಣವನ್ನು ತೊಡಗಿಸಿ, ಅದು ಮಾರಾಟವಾಗುವುದೋ ಇಲ್ಲವೋ ಎಂಬ ಅಪಾಯವನ್ನು ತಾವೇ ಹೊರುವವರು. ಆ ಅಪಾಯ ಹೊರುವುದರಿಂದಲೇ ಅವರು ಹಸ್ತಪ್ರತಿಯನ್ನು ಸಂಪಾದಿಸುತ್ತಾರೆ, ಕರಡು ತಿದ್ದಿಸುತ್ತಾರೆ, ಅಂಗಡಿಗಳಿಗೆ ತಲುಪಿಸಲು ಓಡಾಡುತ್ತಾರೆ. ಪೂರ್ತಿ ವೆಚ್ಚ ಲೇಖಕರಿಂದಲೇ ಬಂದುಬಿಟ್ಟರೆ ಪುಸ್ತಕ ಅಚ್ಚಾದ ದಿನವೇ ಆ ಸಂಸ್ಥೆಯ ಲಾಭ ಮುಗಿದಿರುತ್ತದೆ, ಮಾರಲು ಅದಕ್ಕೆ ಯಾವ ಒತ್ತಾಯವೂ ಇರುವುದಿಲ್ಲ. ಹಣ ಕೊಡುವ ಮೊದಲು ನೇರವಾಗಿ ಕೇಳಿ: ಎಷ್ಟು ಪ್ರತಿ ಅಚ್ಚಾಗುತ್ತದೆ, ಅವು ಯಾರ ಸ್ವತ್ತು, ಯಾರು ಎಲ್ಲಿ ಮಾರುತ್ತಾರೆ, ಸಂಪಾದನೆ ಮಾಡುವವರು ಯಾರು, ಹಕ್ಕುಗಳು ಯಾರಲ್ಲಿ ಉಳಿಯುತ್ತವೆ. ಹಣವೂ ನಿಮ್ಮದು, ಹಕ್ಕು ಮಾತ್ರ ಅವರದು ಎಂಬ ಒಪ್ಪಂದಕ್ಕೆ ಖಂಡಿತ ಸಹಿ ಹಾಕಬೇಡಿ.

ಸ್ವಂತ ಪ್ರಕಟಣೆಯಲ್ಲಿ ಅವಮಾನವೇನೂ ಇಲ್ಲ. ಬಿಯಾಟ್ರಿಕ್ಸ್ ಪಾಟರ್ ತಮ್ಮ ಪೀಟರ್ ಎಂಬ ಮೊಲದ ಕಥೆಯನ್ನು ಹಲವು ಪ್ರಕಾಶಕರು ನಿರಾಕರಿಸಿದಾಗ 1901ರ ಡಿಸೆಂಬರಿನಲ್ಲಿ 250 ಪ್ರತಿಗಳನ್ನು ತಾವೇ ಅಚ್ಚು ಹಾಕಿಸಿದರು. ಪುಟ್ಟ ಮಕ್ಕಳ ಕೈಗೆ ಹಿಡಿಸುವ ಚಿಕ್ಕ ಪುಸ್ತಕವೇ ಆಗಬೇಕೆಂಬ ವಿಷಯದಲ್ಲಿ ಅವರು ಸಡಿಲಗೊಳ್ಳಲಿಲ್ಲ. ಮರುವರ್ಷ ಒಬ್ಬ ಪ್ರಕಾಶಕರು ಬಣ್ಣದ ಚಿತ್ರಗಳೊಡನೆ ಅದೇ ಪುಸ್ತಕವನ್ನು ಹೊರತಂದರು. ಇಲ್ಲಿ ಗಮನಿಸಬೇಕಾದದ್ದು ತಮ್ಮ ಓದುಗರು ಯಾರೆಂಬ ಅವರ ಸ್ಪಷ್ಟ ಅರಿವನ್ನು, ಮತ್ತು ಮೊದಲ ಮುದ್ರಣದ ಮಿತವಾದ ಸಂಖ್ಯೆಯನ್ನು.

ಸಂಖ್ಯೆಯ ವಿಷಯದಲ್ಲಿ ಹೊಸಬರು ಹೆಚ್ಚಾಗಿ ಎಡವುತ್ತಾರೆ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟು ತಯಾರಿಸುವ, ಯಂತ್ರ ಹೊಂದಿಸುವ ವೆಚ್ಚ ಎಷ್ಟು ಪ್ರತಿ ಅಚ್ಚಾದರೂ ಅಷ್ಟೇ ಇರುವುದರಿಂದ ಪ್ರತಿಗಳು ಹೆಚ್ಚಾದಂತೆ ಒಂದೊಂದು ಪ್ರತಿಯ ವೆಚ್ಚ ಇಳಿಯುತ್ತದೆ. ಈ ಇಳಿಕೆಯ ಆಸೆಗೆ ಬಿದ್ದು ಸಾವಿರ ಪ್ರತಿ ಅಚ್ಚು ಹಾಕಿಸಿ, ಮನೆಯ ತುಂಬ ಕಟ್ಟುಗಳನ್ನು ಇಟ್ಟುಕೊಂಡವರು ಅನೇಕರಿದ್ದಾರೆ. ಮಾರಾಟವಾಗದ ಪ್ರತಿ ಎಷ್ಟು ಅಗ್ಗವಾಗಿ ಅಚ್ಚಾಗಿದ್ದರೂ ದುಬಾರಿಯೇ. ಬೇಡಿಕೆ ಬಂದಷ್ಟೇ ಪ್ರತಿಗಳನ್ನು ಡಿಜಿಟಲ್ ಯಂತ್ರದಲ್ಲಿ ಅಚ್ಚು ಹಾಕುವ ವ್ಯವಸ್ಥೆಯಲ್ಲಿ ಪ್ರತಿಯೊಂದರ ವೆಚ್ಚ ಹೆಚ್ಚು, ಆದರೆ ದಾಸ್ತಾನಿನ ಚಿಂತೆ ಇಲ್ಲ. ಮೊದಲ ಪುಸ್ತಕಕ್ಕೆ ನಾನು ಇದನ್ನೇ ಸೂಚಿಸುತ್ತೇನೆ. ಇನ್ನೊಂದು ವ್ಯಾವಹಾರಿಕ ಮಾತು: ಆಫ್‌ಸೆಟ್‌ನಲ್ಲಿ ಪುಸ್ತಕಗಳನ್ನು ಸಾಮಾನ್ಯವಾಗಿ 16 ಪುಟಗಳ ಫಾರಂಗಳಾಗಿ ಅಚ್ಚು ಹಾಕುತ್ತಾರೆ. ನಿಮ್ಮ ಪುಸ್ತಕ 162 ಪುಟಕ್ಕೆ ಬಂದು ನಿಂತರೆ ಕೊನೆಯ ಎರಡು ಪುಟಕ್ಕಾಗಿ ಇನ್ನೊಂದು ಫಾರಂನ ಅಥವಾ ಅರ್ಧ ಫಾರಂನ ವೆಚ್ಚ ಬೀಳುತ್ತದೆ. ಪುಟವಿನ್ಯಾಸ ಮಾಡುವವರೊಡನೆ ಮೊದಲೇ ಮಾತಾಡಿ 160ಕ್ಕೆ ಹೊಂದಿಸಿಕೊಳ್ಳುವುದು ಜಾಣತನ.

ಐಎಸ್‌ಬಿಎನ್ ಬಗ್ಗೆಯೂ ಒಂದು ಮಾತು. ಅದು ಪುಸ್ತಕವನ್ನು ಅಂಗಡಿಗಳೂ ಗ್ರಂಥಾಲಯಗಳೂ ಗುರುತಿಸಲು ಇರುವ ಸಂಖ್ಯೆ. 2007ರಿಂದ 13 ಅಂಕಿಗಳದ್ದು. ಹಕ್ಕುಸ್ವಾಮ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾದಾ ರಟ್ಟಿನ ಪ್ರತಿ, ಗಟ್ಟಿ ರಟ್ಟಿನ ಪ್ರತಿ, ಇ-ಪುಸ್ತಕ, ಇವಕ್ಕೆ ಬೇರೆ ಬೇರೆ ಸಂಖ್ಯೆ ಬೇಕು. ಬೇರೊಂದು ಸಂಸ್ಥೆ ತನ್ನ ಹೆಸರಿನಲ್ಲಿ ಪಡೆದ ಸಂಖ್ಯೆಯನ್ನು ನಿಮ್ಮ ಪುಸ್ತಕಕ್ಕೆ ಕೊಟ್ಟರೆ ದಾಖಲೆಗಳಲ್ಲಿ ಪ್ರಕಾಶಕರೆಂದು ಆ ಸಂಸ್ಥೆಯ ಹೆಸರೇ ನಿಲ್ಲುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಪ್ರಕಾಶಕರು ಒಪ್ಪಂದದ ಪ್ರತಿ ಕಳುಹಿಸಿದ್ದಾರೆ. ಒಂದೇ ಪುಟವಿದೆ, “ಕೃತಿಯ ಸಕಲ ಹಕ್ಕುಗಳೂ ಪ್ರಕಾಶಕರವು” ಎಂದಿದೆ. ಮೊದಲ ಪುಸ್ತಕವಾದ್ದರಿಂದ ಪ್ರಶ್ನಿಸಲು ಹಿಂಜರಿಕೆ. ಏನು ಮಾಡಲಿ?

ಉತ್ತರ: ಪ್ರಶ್ನಿಸಿ. ಸಭ್ಯವಾಗಿ ಕೇಳಿದ ಪ್ರಶ್ನೆಗೆ ಸಿಟ್ಟಾಗಿ ಪುಸ್ತಕವನ್ನೇ ಕೈಬಿಡುವ ಪ್ರಕಾಶಕರಾದರೆ, ಅವರೊಡನೆ ಮುಂದಿನ ಹಲವು ವರ್ಷ ವ್ಯವಹರಿಸುವುದು ಇನ್ನೂ ಕಷ್ಟವಾಗುತ್ತಿತ್ತು. ಮುದ್ರಿತ ಪುಸ್ತಕವನ್ನು ಒಂದು ಭಾಷೆಯಲ್ಲಿ ಪ್ರಕಟಿಸುವ ಹಕ್ಕು ಒಂದು. ಅನುವಾದ, ಇ-ಪುಸ್ತಕ, ಶ್ರವ್ಯರೂಪ, ನಾಟಕ ಮತ್ತು ಚಲನಚಿತ್ರದ ಹಕ್ಕುಗಳು ಬೇರೆ ಬೇರೆ. ಇವೆಲ್ಲವನ್ನೂ ಒಂದೇ ವಾಕ್ಯದಲ್ಲಿ, ಅವಧಿಯಿಲ್ಲದೆ ಬರೆದುಕೊಟ್ಟರೆ ಮುಂದೆ ಯಾರಾದರೂ ನಿಮ್ಮ ಕಾದಂಬರಿಯನ್ನು ಅನುವಾದಿಸಲು ಬಯಸಿದಾಗ ಒಪ್ಪುವ ಅಧಿಕಾರವೂ ನಿಮಗಿರುವುದಿಲ್ಲ. ಪ್ರಕಾಶಕರು ಯಾವ ರೂಪದಲ್ಲಿ ಪುಸ್ತಕ ತರುತ್ತಾರೋ ಅಷ್ಟಕ್ಕೆ ಮಾತ್ರ, ಒಂದು ನಿಶ್ಚಿತ ಅವಧಿಗೆ ಹಕ್ಕು ಕೊಡುವುದು ನ್ಯಾಯವಾದದ್ದು. ಉಳಿದವನ್ನು ಅವರೇ ಮಾರಿಕೊಡುವುದಾದರೆ ಬರುವ ಹಣದಲ್ಲಿ ಯಾರಿಗೆ ಎಷ್ಟು ಪಾಲು ಎಂಬುದು ಬರವಣಿಗೆಯಲ್ಲಿರಬೇಕು.

ರಾಯಲ್ಟಿ, ಅಂದರೆ ಮಾರಾಟವಾದ ಪ್ರತಿಗಳಿಂದ ಲೇಖಕರಿಗೆ ಸಲ್ಲುವ ಪಾಲು, ಶೇಕಡಾ 10 ಎಂದಷ್ಟೇ ಬರೆದಿದ್ದರೆ ಯಾವುದರ ಮೇಲೆ 10 ಎಂದು ಕೇಳಿ. ಪುಸ್ತಕದ ಮುದ್ರಿತ ಬೆಲೆಯನ್ನು ನೂರು ಎಂದುಕೊಳ್ಳೋಣ. ಅಂಗಡಿಯವರಿಗೆ 40 ರಿಯಾಯಿತಿ ಹೋದರೆ ಪ್ರಕಾಶಕರ ಕೈಗೆ ಬರುವುದು 60. ಮುದ್ರಿತ ಬೆಲೆಯ ಮೇಲಾದರೆ ನಿಮಗೆ ಪ್ರತಿಯೊಂದಕ್ಕೆ 10 ಸಿಗುತ್ತದೆ, ಪ್ರಕಾಶಕರ ನಿವ್ವಳ ಆದಾಯದ ಮೇಲಾದರೆ 6 ಮಾತ್ರ. ವರ್ಷಕ್ಕೊಮ್ಮೆ ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಮಾರಾಟವಾಯಿತು, ಎಷ್ಟು ಉಳಿಯಿತು ಎಂಬ ಲೆಕ್ಕಪತ್ರ ಕೊಡಬೇಕೆಂದೂ ಸೇರಿಸಿ.

ಎಲ್ಲಕ್ಕಿಂತ ಮುಖ್ಯವಾದ ಕಲಮು, ಮತ್ತು ಒಂದು ಪುಟದ ಒಪ್ಪಂದಗಳಲ್ಲಿ ಕಾಣದಿರುವ ಕಲಮು, ಹಕ್ಕು ಲೇಖಕರಿಗೆ ಮರಳುವುದಕ್ಕೆ ಸಂಬಂಧಿಸಿದ್ದು. ಪ್ರತಿಗಳು ಮುಗಿದ ಮೇಲೆ ಇಂತಿಷ್ಟು ತಿಂಗಳೊಳಗೆ ಮರುಮುದ್ರಣವಾಗದಿದ್ದರೆ, ಅಥವಾ ಒಪ್ಪಂದವಾಗಿ ಇಂತಿಷ್ಟು ಕಾಲದೊಳಗೆ ಪುಸ್ತಕ ಹೊರಬರದೇ ಇದ್ದರೆ, ಹಕ್ಕುಗಳು ಲೇಖಕರಿಗೆ ಹಿಂದಿರುಗುತ್ತವೆ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಅಂಗಡಿಯಲ್ಲೂ ಸಿಗದ, ಬೇರೆಯವರು ಪ್ರಕಟಿಸಲೂ ಆಗದ ಸ್ಥಿತಿಯಲ್ಲಿ ಸಿಕ್ಕಿಕೊಂಡ ಒಳ್ಳೆಯ ಪುಸ್ತಕಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಹಿ ಹಾಕುವ ಮೊದಲು ಈ ಕ್ಷೇತ್ರ ಬಲ್ಲ ವಕೀಲರಿಗೋ ಅನುಭವವಿರುವ ಲೇಖಕರಿಗೋ ಒಮ್ಮೆ ತೋರಿಸುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ಪ್ರಸಿದ್ಧ ಸಾಹಿತಿಯೊಬ್ಬರಿಂದ ಮುನ್ನುಡಿ ಬರೆಸಿದರೆ ಪುಸ್ತಕಕ್ಕೆ ಅನುಕೂಲವಾಗುತ್ತದೆಯೆ?

ಉತ್ತರ: ಅವರು ಪುಸ್ತಕವನ್ನು ಪೂರ್ತಿ ಓದಿ ಬರೆಯುವುದಾದರೆ ಆಗುತ್ತದೆ. ಹಾಗಾಗದಿದ್ದರೆ ಸಾಮಾನ್ಯ ಹಾರೈಕೆಗಳ ನಾಲ್ಕು ಪುಟ ಓದುಗರನ್ನು ನಿಮ್ಮ ಮೊದಲ ವಾಕ್ಯದಿಂದ ದೂರವಿಡುತ್ತವೆ. ಮುನ್ನುಡಿಗಾಗಿ ವರ್ಷಗಟ್ಟಲೆ ಪುಸ್ತಕವನ್ನು ತಡೆಹಿಡಿಯುವುದಂತೂ ಸಲ್ಲದು. ಬೆನ್ನುಡಿಗೆ ಕೃತಿ ಯಾವುದರ ಬಗ್ಗೆ ಎಂದು ನೇರವಾಗಿ ತಿಳಿಸುವ ಐದಾರು ವಾಕ್ಯ ಸಾಕು.

ಪ್ರಶ್ನೆ: ಕರಡಚ್ಚನ್ನು ನಾನೇ ಎರಡು ಬಾರಿ ನೋಡಿದರೂ ಅಚ್ಚಾದ ಪುಸ್ತಕದಲ್ಲಿ ತಪ್ಪುಗಳು ಉಳಿದಿವೆ. ಇನ್ನು ಮುಂದೆ ಏನು ಮಾಡಬೇಕು?

ಉತ್ತರ: ಬರೆದವರ ಕಣ್ಣು ಅಚ್ಚಿನಲ್ಲಿರುವುದನ್ನು ಓದುವುದಿಲ್ಲ, ತಾನು ಬರೆದದ್ದೆಂದು ನೆನಪಿರುವುದನ್ನು ಓದುತ್ತದೆ. ಆದ್ದರಿಂದ ಹಸ್ತಪ್ರತಿಯನ್ನು ಈವರೆಗೆ ನೋಡಿರದ ಒಬ್ಬರು ಕರಡು ತಿದ್ದಲೇಬೇಕು. ನೀವು ನೋಡುವಾಗ ಪರದೆಯ ಮೇಲೆ ಬೇಡ, ಕಾಗದದ ಮೇಲೆ, ಗಟ್ಟಿಯಾಗಿ ಓದುತ್ತ ನೋಡಿ. ಹಳೆಯ ಕನ್ನಡ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡಿಗೆ ಬದಲಾಯಿಸಿದ ಕಡತವಾದರೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಅಲ್ಲಿ ತಪ್ಪುಗಳು ಗುಂಪಾಗಿ ನುಸುಳುತ್ತವೆ. ಅಧ್ಯಾಯದ ಶೀರ್ಷಿಕೆ, ಪರಿವಿಡಿಯ ಪುಟಸಂಖ್ಯೆ, ರಕ್ಷಾಪುಟದ ಬೆನ್ನಿನ ಮೇಲಿನ ಹೆಸರು, ಇಂಥ ದೊಡ್ಡ ಅಕ್ಷರಗಳ ತಪ್ಪುಗಳೇ ಕಣ್ಣಿಗೆ ಬೀಳದೆ ಉಳಿಯುತ್ತವೆ. ತಿದ್ದುವಾಗ ಹೊಸ ತಪ್ಪುಗಳು ಸೇರಿಕೊಳ್ಳುವುದರಿಂದ ತಿದ್ದಿದ ಪುಟಗಳನ್ನು ಇನ್ನೊಮ್ಮೆ ನೋಡದೆ ಅಚ್ಚಿಗೆ ಒಪ್ಪಿಗೆ ಕೊಡಬೇಡಿ. ಈಗ ಉಳಿದಿರುವ ತಪ್ಪುಗಳ ಪಟ್ಟಿಯನ್ನು ಪ್ರಕಾಶಕರಿಗೆ ಕೊಟ್ಟಿಡಿ, ಮರುಮುದ್ರಣದಲ್ಲಿ ಸರಿಪಡಿಸಬಹುದು.

ಪ್ರಶ್ನೆ: ಪುಸ್ತಕ ಬಿಡುಗಡೆಯಾಗಿ ಆರು ತಿಂಗಳಾಯಿತು. ವಿಮರ್ಶೆ ಬಂದಿಲ್ಲ, ಪರಿಚಿತರನ್ನು ಬಿಟ್ಟರೆ ಕೊಂಡವರೂ ಕಾಣುವುದಿಲ್ಲ. ಮುಂದಿನ ಪುಸ್ತಕವನ್ನು ಬರೆಯುವ ಉತ್ಸಾಹವೇ ಹೋಗಿದೆ.

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ಕಾಣುವುದಿಲ್ಲ. ವರ್ಷಗಳ ದುಡಿಮೆಗೆ ಯಾರೂ ಮರುಮಾತಾಡದಿದ್ದರೆ ನೋವಾಗುವುದು ಸಹಜ. ಆದರೆ ಪರಿಚಿತರು ಕೊಂಡು ಮುಗಿಸುವುದು ಮೊದಲ ಕೆಲವು ವಾರಗಳಲ್ಲಿ. ಅಪರಿಚಿತರಿಗೆ ಪುಸ್ತಕ ಇದೆಯೆಂದು ತಿಳಿಯುವುದೇ ಅನಂತರ. ನೀವು ಈಗ ಆ ಎರಡರ ನಡುವಿನ ಕಾಲದಲ್ಲಿದ್ದೀರಿ. ಈ ಕಾಲದಲ್ಲಿ ಮಾಡಬಹುದಾದ ಕೆಲಸಗಳಿವೆ. ನಿಮ್ಮ ಪುಸ್ತಕದ ವಸ್ತುವಿನ ಬಗ್ಗೆ ಈ ಹಿಂದೆ ಬರೆದಿರುವ ವಿಮರ್ಶಕರು ಯಾರೆಂದು ಹುಡುಕಿ, ಅವರಿಗೆ ಮಾತ್ರ ಪ್ರತಿ ಕಳುಹಿಸಿ. ಸಿಕ್ಕಸಿಕ್ಕವರಿಗೆ ಹಂಚಿದ ಗೌರವಪ್ರತಿಗಳು ಬಹುಮಟ್ಟಿಗೆ ಓದದೆ ಉಳಿಯುತ್ತವೆ. ಗ್ರಂಥಾಲಯಗಳ ಖರೀದಿ ಕ್ರಮವನ್ನು ವಿಚಾರಿಸಿ, ಅದಕ್ಕೆ ಗಡುವು ಇರುತ್ತದೆ. ಓದುಗರ ಬಳಗಗಳು, ಕಾಲೇಜುಗಳು ಕರೆದರೆ ಹತ್ತು ಜನರಿದ್ದರೂ ಹೋಗಿ, ಪುಸ್ತಕದ ಬಗ್ಗೆ ಮಾತಾಡುವ ಬದಲು ಪುಸ್ತಕದಿಂದ ಒಂದು ಭಾಗವನ್ನು ಓದಿ. ಬಂಧುಮಿತ್ರರಲ್ಲಿ ಇನ್ನೊಂದು ಸಹಾಯ ಕೇಳಬಹುದು: ಇಷ್ಟವಾಗಿದ್ದರೆ ನಿಮಗೆ ಹೇಳುವ ಬದಲು ಪುಸ್ತಕ ಓದುವ ಇನ್ನೊಬ್ಬರಿಗೆ ಹೇಳಲಿ.

ಮಾರಾಟದ ಅಂಕಿಯನ್ನು ದಿನವೂ ನೋಡುವುದನ್ನು ಬಿಡಿ, ಅದರಿಂದ ಅಂಕಿ ಬದಲಾಗುವುದಿಲ್ಲ. ಎರಡನೆಯ ಪುಸ್ತಕ ಬಂದಾಗ ಮೊದಲನೆಯದನ್ನು ಹುಡುಕಿ ಓದುವವರು ಇರುತ್ತಾರೆ. ಹೊಸ ಲೇಖಕರ ಮೊದಲ ಕೃತಿಗೆ ಓದುಗರು ಸಿಗುವ ದಾರಿಗಳಲ್ಲಿ ಇದೂ ಒಂದು. ಹಾಗಾಗಿ ಬರೆಯುವುದನ್ನು ಈಗ ನಿಲ್ಲಿಸಿದರೆ ಮೊದಲ ಪುಸ್ತಕಕ್ಕೇ ನಷ್ಟ.

ಪ್ರಶ್ನೆ: ಎರಡನೆಯ ಪುಸ್ತಕವನ್ನೂ ಮೊದಲಿನ ಪ್ರಕಾಶಕರಿಗೇ ಕೊಡಬೇಕೆ?

ಉತ್ತರ: ಒಪ್ಪಂದವನ್ನು ತೆಗೆದು ನೋಡಿ. ಮುಂದಿನ ಕೃತಿಯನ್ನು ಮೊದಲು ತಮಗೇ ತೋರಿಸಬೇಕೆಂಬ ಕಲಮು ಕೆಲವು ಒಪ್ಪಂದಗಳಲ್ಲಿ ಇರುತ್ತದೆ. ಇದ್ದರೆ ತೋರಿಸಲೇಬೇಕು, ಆದರೆ ತೋರಿಸುವುದು ಬೇರೆ, ಹಳೆಯ ಷರತ್ತುಗಳಿಗೇ ಕೊಟ್ಟುಬಿಡುವುದು ಬೇರೆ, ಆ ಕಲಮಿನಲ್ಲಿ ಎರಡರಲ್ಲಿ ಯಾವುದನ್ನು ಬರೆದಿದೆಯೆಂದು ಗಮನವಿಟ್ಟು ಓದಿ. ಅಂಥ ಕಲಮು ಇಲ್ಲದಿದ್ದರೆ ನಿರ್ಧಾರ ನಿಮ್ಮದು. ಮೊದಲ ಪುಸ್ತಕವನ್ನು ಶ್ರದ್ಧೆಯಿಂದ ಸಂಪಾದಿಸಿದ್ದರೆ, ಲೆಕ್ಕಪತ್ರವನ್ನು ಸಮಯಕ್ಕೆ ಕೊಟ್ಟಿದ್ದರೆ, ಪತ್ರಗಳಿಗೆ ಉತ್ತರಿಸಿದ್ದರೆ, ಮಾರಾಟ ಕಡಿಮೆಯಾಗಿದ್ದರೂ ಅವರಲ್ಲೇ ಮುಂದುವರಿಯಿರಿ ಎಂದೇ ಹೇಳುತ್ತೇನೆ.